ವೆನಿಸ್ ದಟ್ಟಣೆಯ ಆಚೆಗೆ: ಮೇ ತಿಂಗಳ ಗುಂಪು ಪ್ರವಾಸವನ್ನು ಹೊಸದಾಗಿ ಯೋಜಿಸುವುದು ಹೇಗೆ?

ಪ್ರಶ್ನೆ: ಮಾಟುಂಗಾ ಪಯಣಿಗ, ಮುಂಬೈ

ಎಲ್ಲರಿಗೂ ನಮಸ್ಕಾರ. ಮಾಟುಂಗಾದಲ್ಲಿ ನಮ್ಮದೊಂದು ಚಿಕ್ಕ ಪ್ರವಾಸ ಕಚೇರಿ ಇದೆ. ಬೇಸಿಗೆ ರಜೆ ಬಂತೆಂದರೆ ಮುಂಬೈ, ಠಾಣೆ, ಪುಣೆಗಳ ಕನ್ನಡ ಕುಟುಂಬಗಳನ್ನೂ ಅವರೊಡನೆ ಹೊರಡುವ ಮರಾಠಿ, ಗುಜರಾತಿ ನೆರೆಯವರನ್ನೂ ಯುರೋಪಿಗೆ ಕರೆದೊಯ್ಯುವುದು ನಮ್ಮ ಮುಖ್ಯ ಕೆಲಸ. ನಲವತ್ತು ಜನರ ಒಂದು ಬಸ್ಸು, ಜೊತೆಗೊಬ್ಬ ಟೂರ್ ಮ್ಯಾನೇಜರ್, ರಾತ್ರಿ ಊಟಕ್ಕೆ ಅಲ್ಲಿಯ ಭಾರತೀಯ ಹೋಟೆಲು. ಇದು ನಡೆದುಕೊಂಡು ಬಂದ ಪದ್ಧತಿ. ವೆನಿಸ್ ಎಂದರೆ ಪಡುವಾ ಕಡೆಯ ಹೋಟೆಲಿನಲ್ಲಿ ಮಲಗಿದ್ದು, ಬೆಳಿಗ್ಗೆ ದೋಣಿ ಹಿಡಿದು ಸಂತ ಮಾರ್ಕನ ಚೌಕ ನೋಡಿ, ಗೊಂಡೊಲಾ ಹತ್ತಿ ಇಳಿದು, ಮಧ್ಯಾಹ್ನ ಕಳೆಯುವುದರೊಳಗೆ ಮುಂದಿನ ಊರಿಗೆ ಹೊರಟುಬಿಡುವುದು.

ಈ ಪದ್ಧತಿ ಇನ್ನು ನಡೆಯುವಂತೆ ಕಾಣುವುದಿಲ್ಲ. ಆವೊತ್ತೇ ಬಂದು ಆವೊತ್ತೇ ಹೋಗುವವರಿಂದ ವೆನಿಸ್ ನಗರಸಭೆ 2024ರ ಏಪ್ರಿಲ್ 25ರಿಂದ ಆಯ್ದ ದಿನಗಳಲ್ಲಿ 5 ಯೂರೋ ಪ್ರವೇಶ ಶುಲ್ಕ ವಸೂಲು ಮಾಡತೊಡಗಿತು. ಮರುವರ್ಷ ಅಂಥ ದಿನಗಳು 29ರಿಂದ 54ಕ್ಕೇರಿದವು. ಕೊನೆಯ ಗಳಿಗೆಯಲ್ಲಿ ಕಾದಿರಿಸುವವರಿಗೆ ಶುಲ್ಕ 10 ಯೂರೋ ಆಯಿತು. ಒಬ್ಬ ಗೈಡಿನ ಹಿಂದೆ 25ಕ್ಕಿಂತ ಹೆಚ್ಚು ಜನ ಹೋಗಬಾರದು, ಧ್ವನಿವರ್ಧಕ ಬಳಸಬಾರದು ಎಂಬ ನಿಯಮವೂ 2024ರಲ್ಲೇ ಬಂದಿದೆ. ಅಥೆನ್ಸಿನ ಅಕ್ರೊಪೊಲಿಸ್‌ಗೆ 2023ರ ಸೆಪ್ಟೆಂಬರಿನಿಂದ ದಿನಕ್ಕೆ 20,000 ಜನರ ಮಿತಿ, ಪಾಂಪೈಗೆ 2024ರ ನವೆಂಬರಿನಿಂದ ಅಷ್ಟೇ ಮಿತಿ. ಬಾರ್ಸಿಲೋನಾದ ನಿವಾಸಿಗಳು 2024ರ ಜುಲೈನಲ್ಲಿ ಮೆರವಣಿಗೆ ಹೊರಟು, ಹೋಟೆಲುಗಳ ಹೊರಗೆ ಕುಳಿತಿದ್ದ ಪ್ರವಾಸಿಗರ ಮೇಲೆ ಆಟಿಕೆ ಪಿಸ್ತೂಲಿನಿಂದ ನೀರು ಚಿಮ್ಮಿಸಿದ್ದನ್ನು ನಮ್ಮ ಗಿರಾಕಿಗಳೂ ಟಿವಿಯಲ್ಲಿ ನೋಡಿದ್ದಾರೆ. "ನಮ್ಮ ಮೇಲೂ ನೀರು ಹಾರಿಸ್ತಾರೇನ್ರಿ?" ಎಂದು ಕೇಳುತ್ತಾರೆ.

ಮುಂದಿನ ಮೇ ತಿಂಗಳಿಗೆ ಜನ ಕಡಿಮೆ ಹೋಗುವ ಊರುಗಳನ್ನು ಸೇರಿಸಬೇಕೆಂದಿದ್ದೇನೆ. ಆದರೆ ಒಂದು ಸಂದೇಹ ಕಾಡುತ್ತಿದೆ. ವೆನಿಸ್‌ಗೆ ಇಳಿಸುತ್ತಿದ್ದ ನಲವತ್ತು ಜನರನ್ನು ನಾಲ್ಕು ನೂರು ಜನರಿರುವ ಹಳ್ಳಿಯೊಂದಕ್ಕೆ ಇಳಿಸಿದರೆ ಅದು ಹಂಚಿಕೆಯಾಗುತ್ತದೆಯೋ, ಕಾಟವನ್ನು ಸ್ಥಳಾಂತರಿಸಿದಂತಾಗುತ್ತದೆಯೋ? ಒಂದು ಊರು ಒಂದು ಬಸ್ಸಿನಷ್ಟು ಜನರನ್ನು ತಾಳಿಕೊಳ್ಳಬಲ್ಲದು ಎಂಬುದನ್ನು ಮುಂಬೈಯಲ್ಲಿ ಕುಳಿತು ಅಳೆಯುವುದು ಹೇಗೆ? ಪ್ರವಾಸೋದ್ಯಮದಲ್ಲಿ ಪಳಗಿದವರು, ಅದರಲ್ಲೂ ಗೋವಾದಲ್ಲಿ ಇದನ್ನೆಲ್ಲ ಕಣ್ಣಾರೆ ಕಾಣುತ್ತಿರುವವರು, ದಯವಿಟ್ಟು ತಿಳಿಸಬೇಕು.

ಉತ್ತರ: ವಾಸ್ಕೋ ನಾವಿಕ, ಗೋವಾ

ಪಯಣಿಗರೇ, ನಾನು ಕ್ರೂಸ್ ಹಡಗುಗಳಲ್ಲಿ, ಪ್ರಯಾಣಿಕರನ್ನು ದಡದ ಮೇಲಿನ ಸುತ್ತಾಟಕ್ಕೆ ಕಳುಹಿಸುವ ವಿಭಾಗದಲ್ಲಿ ಬಹುಕಾಲ ದುಡಿದು ಈಗ ಮನೆಯಲ್ಲಿರುವವನು. ತಾವು ದಟ್ಟಣೆಯನ್ನು ಊರಿನ ಲೆಕ್ಕದಲ್ಲಿ ನೋಡುತ್ತಿದ್ದೀರಿ. ಹಡಗಿನವರಾದ ನಾವು ಅದನ್ನು ಗಂಟೆಯ ಲೆಕ್ಕದಲ್ಲಿ ನೋಡಿದವರು.

ಕ್ರೊವೇಷಿಯಾದ ಡುಬ್ರೊವ್ನಿಕ್ ಬಂದರಾದ ಗ್ರೂಜ್‌ಗೆ ಬೆಳಿಗ್ಗೆ ಹಡಗು ತಾಗುತ್ತದೆ. ತಿಂಡಿ ಮುಗಿಸಿದ ಪ್ರಯಾಣಿಕರು ಎದೆಗೆ ನಂಬರಿನ ಚೀಟಿ ಅಂಟಿಸಿಕೊಂಡು ಬಸ್ಸುಗಳಲ್ಲಿ ತುಂಬಿಕೊಳ್ಳುತ್ತಾರೆ, ಬಸ್ಸುಗಳು ಒಂದರ ಹಿಂದೊಂದು ಕೋಟೆಯ ಪೀಲೆ ಬಾಗಿಲಿನತ್ತ ಹೋಗುತ್ತವೆ. ಹತ್ತರಿಂದ ಎರಡರವರೆಗೆ ಆ ಬಾಗಿಲಿನಲ್ಲಿ ಒಳಗೆ ಹೋಗುವವರೂ ಹೊರಗೆ ಬರುವವರೂ ಎದೆಗೆ ಎದೆ ತಾಗಿಸಿ ನಿಲ್ಲುವಂತಾಗುತ್ತದೆ. ಊಟಕ್ಕೆ ಹಡಗಿನಲ್ಲಿ ಮೊದಲೇ ಹಣ ಕೊಟ್ಟಾಗಿರುವುದರಿಂದ ಊರಿನ ಹೋಟೆಲಿನಲ್ಲಿ ಕೂರುವವರು ಕಡಿಮೆ. ಒಂದು ಐಸ್‌ಕ್ರೀಮು, ಫ್ರಿಜ್ಜಿಗಂಟಿಸುವ ಒಂದು ಗೊಂಬೆ, ಅಷ್ಟರಲ್ಲಿ ವ್ಯಾಪಾರ ಮುಗಿಯಿತು. ಸಂಜೆ ಐದಾಯಿತೆಂದರೆ ಹಡಗು ಹೊರಡುತ್ತದೆ. ಅದೇ ಬೀದಿಯಲ್ಲಿ ಆಗ ಕೈಬೀಸಿ ನಡೆಯಬಹುದು. ನಗರಸಭೆ ಹಡಗು ಕಂಪನಿಗಳ ಸಂಘದೊಡನೆ 2019ರಲ್ಲಿ ಒಪ್ಪಂದ ಮಾಡಿಕೊಂಡು, ಏಕಕಾಲಕ್ಕೆ ಎರಡೇ ಹಡಗು, 4,000 ಪ್ರಯಾಣಿಕರು ಎಂಬ ಮಿತಿ ತಂದದ್ದು ಈ ನಾಲ್ಕು ಗಂಟೆಗಳ ಒತ್ತಡವನ್ನು ಇಳಿಸುವುದಕ್ಕಾಗಿ.

ಗ್ರೀಸಿನ ಸ್ಯಾಂಟೊರಿನಿ ದ್ವೀಪದ ಸ್ಥಿತಿ ಇನ್ನೂ ಬಿಗಿ. ಅಲ್ಲಿ ಹಡಗು ದಡಕ್ಕೆ ಬರುವುದೇ ಇಲ್ಲ. ಜ್ವಾಲಾಮುಖಿ ಕುಸಿದು ಉಂಟಾದ ಆಳ ನೀರಿನಲ್ಲಿ ನಿಂತು, ಟೆಂಡರ್ ದೋಣಿಗಳಲ್ಲಿ ಜನರನ್ನು ಹಳೆಯ ಬಂದರಿಗೆ ಇಳಿಸುತ್ತದೆ. ಅಲ್ಲಿಂದ ಬಂಡೆಯ ತಲೆಯ ಮೇಲಿರುವ ಊರಿಗೆ ಕೇಬಲ್ ಕಾರು, ಇಲ್ಲವೇ ಮೆಟ್ಟಿಲು, ಇಲ್ಲವೇ ಕತ್ತೆ. ಸುಮಾರು ಹದಿನೈದು ಸಾವಿರ ನಿವಾಸಿಗಳ ದ್ವೀಪಕ್ಕೆ ಕೆಲವು ದಿನ ಹಡಗಿನಿಂದಲೇ ಹತ್ತು ಸಾವಿರಕ್ಕೂ ಮಿಕ್ಕಿ ಜನ ಇಳಿಯುತ್ತಿದ್ದರು. ಮೇಲಿನಿಂದ ಇಳಿಯುವವರ ಸಾಲು ಹಡಗು ಹೊರಡುವ ಹೊತ್ತಿಗೆ ಊರಿನ ಓಣಿಗಳವರೆಗೂ ಬೆಳೆಯುತ್ತಿತ್ತು. ಅಜ್ಜ ಅಜ್ಜಿಯರನ್ನು ಆ ಬಿಸಿಲಿನಲ್ಲಿ ಸಂಭಾಳಿಸುವುದು ನಮ್ಮ ಪಾಲಿಗಿತ್ತು. 2025ರಿಂದ ದಿನಕ್ಕೆ 8,000 ಕ್ರೂಸ್ ಪ್ರಯಾಣಿಕರ ಮಿತಿ ಬಂದಿದೆ. ಬೇಸಿಗೆಯ ತಿಂಗಳುಗಳಲ್ಲಿ ಇಳಿಯುವ ಪ್ರತಿ ಪ್ರಯಾಣಿಕನಿಗೆ 20 ಯೂರೋ ತೆರಿಗೆ ಬಿದ್ದಿದೆ.

ನನ್ನ ಅಭಿಪ್ರಾಯದಲ್ಲಿ ತಾವು ವೆನಿಸನ್ನು ಕೈಬಿಡಬೇಕಾಗಿಲ್ಲ. ಅಲ್ಲಿಗೆ ಹೋಗುವ ಹೊತ್ತನ್ನು ಬದಲಿಸಿದರೆ ಸಾಕು. ಅಲ್ಲಿಯ ಶುಲ್ಕ ಬೆಳಿಗ್ಗೆ ಎಂಟೂವರೆಯಿಂದ ಸಂಜೆ ನಾಲ್ಕರವರೆಗೆ ಬರುವವರಿಗೆ ಮಾತ್ರ. ಆ ನಗರಸಭೆಯ ವ್ಯಾಪ್ತಿಯಲ್ಲೇ ರಾತ್ರಿ ತಂಗುವವರಿಗೆ ಶುಲ್ಕವಿಲ್ಲ, ಬದಲಿಗೆ ಹೋಟೆಲಿನಲ್ಲಿ ತಂಗುವ ತೆರಿಗೆ ಕೊಡಬೇಕು. ದಡದ ಮೇಲಿನ ಮೆಸ್ತ್ರೆಯೂ ಅದೇ ನಗರಸಭೆಗೆ ಸೇರಿದೆ, ಪಡುವಾ ಸೇರಿಲ್ಲ. ಪಡುವಾದಲ್ಲಿ ಮಲಗಿ ಬರುವ ತಮ್ಮ ನಲವತ್ತು ಜನ ವೆನಿಸ್‌ನ ಕಣ್ಣಿಗೆ ಹಡಗಿನಿಂದ ಇಳಿದವರಿಗಿಂತ ಬೇರೆಯಲ್ಲ.

ಉತ್ತರ: ಸಹಕಾರನಗರದ ಹಿರಿಯ, ಪುಣೆ

ನಾವಿಕರ ಮಾತನ್ನು ಒಪ್ಪುತ್ತೇನೆ, ಆದರೆ ಹೊತ್ತು ಬದಲಿಸುವುದು ಅರ್ಧ ಕೆಲಸ. ನಗರ ಯೋಜನಾ ವೃತ್ತಿಯಲ್ಲಿದ್ದು ನಿವೃತ್ತನಾದವನಾದ್ದರಿಂದ ನನಗೆ ಕಾಣುವ ಉಳಿದರ್ಧವನ್ನು ಹೇಳುತ್ತೇನೆ. ಸ್ವಲ್ಪ ಉದ್ದವಾದರೆ ಕ್ಷಮೆಯಿರಲಿ.

ಪ್ರವಾಸಿಗರನ್ನು ಹಂಚಬೇಕು ಎಂಬ ಮಾತು ಹೊಸದಲ್ಲ. ಸ್ಪೇನ್ ಸರ್ಕಾರ 1928ರಲ್ಲಿ ಗ್ರೆಡೋಸ್ ಬೆಟ್ಟಗಳಲ್ಲಿ ತನ್ನ ಮೊದಲ ಪರಾದೋರ್ ಹೋಟೆಲನ್ನು ತೆರೆಯಿತು. ಅಲ್ಲಿಂದ ಮುಂದೆ ಪಾಳುಬಿದ್ದ ಕೋಟೆಗಳನ್ನು, ಮಠಗಳನ್ನು, ಅರಮನೆಗಳನ್ನು ದುರಸ್ತಿ ಮಾಡಿ, ಖಾಸಗಿ ಬಂಡವಾಳ ತಾನಾಗಿ ಹೋಗದ ಒಳನಾಡಿನ ಊರುಗಳಲ್ಲಿ ಹೋಟೆಲುಗಳನ್ನು ನಡೆಸುತ್ತ ಬಂದಿದೆ. ಇಂದು ಅವು ತೊಂಬತ್ತಕ್ಕೂ ಹೆಚ್ಚಿವೆ. ಬಾರ್ಸಿಲೋನಾದಿಂದ ಒಳಗೆ ಹೋದರೆ ಕಾರ್ದೋನಾದ ಬೆಟ್ಟದ ಮೇಲಿನ ಕೋಟೆಯಲ್ಲಿ ಒಂದಿದೆ. ಮೊದಲು ಹಾಸಿಗೆ ಎಲ್ಲಿರಬೇಕೆಂದು ನಿರ್ಧರಿಸಿ, ಆಮೇಲೆ ಜನರನ್ನು ಕರೆದದ್ದು ಇಲ್ಲಿಯ ಜಾಣತನ. ನಮ್ಮಲ್ಲಿ ಮೊದಲು ಜಾಹೀರಾತು, ಆಮೇಲೆ ರಸ್ತೆ, ಎಲ್ಲಕ್ಕಿಂತ ಕೊನೆಗೆ ಶೌಚಾಲಯ.

ಇಟಲಿಯವರ ದಾರಿ ಬೇರೆ. 1976ರ ಮೇ 6ರಂದು ಫ್ರಿಯುಲಿ ಪ್ರಾಂತದಲ್ಲಿ ಭೂಕಂಪವಾಗಿ ಊರೂರುಗಳೇ ಬರಿದಾದವು. ಮನೆಗಳನ್ನು ಮತ್ತೆ ಕಟ್ಟಿದ ಮೇಲೂ ವಾಸಿಸುವವರಿಲ್ಲದೆ ಉಳಿದವುಗಳನ್ನು ಏನು ಮಾಡುವುದೆಂಬ ಚಿಂತೆಯಿಂದ ಹುಟ್ಟಿದ್ದೇ "ಅಲ್ಬೆರ್ಗೊ ದಿಫ್ಯೂಸೊ" ಎಂಬ ವ್ಯವಸ್ಥೆ. ಊರೇ ಹೋಟೆಲು: ಕೋಣೆಗಳು ಬೇರೆ ಬೇರೆ ಓಣಿಗಳ ಹಳೆಯ ಮನೆಗಳಲ್ಲಿರುತ್ತವೆ, ಬೀಗದಕೈ ಕೊಡುವ ಕಚೇರಿ ಮಾತ್ರ ಒಂದು. ಹೊಸ ಕಟ್ಟಡ ಏಳುವುದಿಲ್ಲ. ಖಾಲಿ ಮನೆಗಳೆಷ್ಟೋ ಹಾಸಿಗೆಗಳೂ ಅಷ್ಟೇ ಆದ್ದರಿಂದ ಮಿತಿ ತಾನಾಗಿಯೇ ಬೀಳುತ್ತದೆ. ಸಾರ್ಡಿನಿಯಾ 1998ರಲ್ಲೇ ಇದಕ್ಕೆ ಕಾನೂನಿನ ಮಾನ್ಯತೆ ಕೊಟ್ಟಿತು. ಅಬ್ರುಝೊ ಬೆಟ್ಟಗಳ ಸಾಂತೊ ಸ್ತೆಫಾನೊ ದಿ ಸೆಸ್ಸಾನಿಯೊ ನೂರು ಚಿಲ್ಲರೆ ಜನರ ಊರು. ಅದಕ್ಕೆ ಮತ್ತೆ ಜೀವ ಬಂದದ್ದು ಹೀಗೆಯೇ.

ಇನ್ನು ಬಾಗಿಲಲ್ಲೇ ಎಣಿಸುವವರಿದ್ದಾರೆ. ಫ್ರಾನ್ಸಿನ ಪೊರ್ಕೆರೋಲ್ ದ್ವೀಪಕ್ಕೆ 2021ರಿಂದ ಬೇಸಿಗೆಯಲ್ಲಿ ದಿನಕ್ಕೆ 6,000 ಜನರ ಮಿತಿ ಇದೆ. ಅದು ದ್ವೀಪವಾದ್ದರಿಂದ ದೋಣಿ ಕಂಪನಿಗಳು ಟಿಕೆಟು ನಿಲ್ಲಿಸಿದರೆ ಕೆಲಸ ಮುಗಿಯಿತು. ಮಾರ್ಸೇಯ ಬಳಿಯ ಕಲಾಂಕ್ ರಾಷ್ಟ್ರೀಯ ಉದ್ಯಾನದ ಸುಜಿತೋಂ ಕೊಲ್ಲಿಗೆ ಬೇಸಿಗೆಯಲ್ಲಿ 2,500 ಜನ ಬರುತ್ತಿದ್ದ ದಿನಗಳಿದ್ದವು. ತುಳಿತಕ್ಕೆ ಮಣ್ಣು ಸವೆದು ಮರಗಳ ಬೇರು ಮೇಲೆ ಬಂದ ಮೇಲೆ, 2022ರಿಂದ ದಿನಕ್ಕೆ 400 ಜನ ಮಾತ್ರ ಎಂದು ನಿಗದಿ ಮಾಡಿದರು. ಕಾದಿರಿಸುವುದು ಉಚಿತ, ಕಾದಿರಿಸದವರಿಗೆ ಮಾತ್ರ ದಂಡ. ಅದಕ್ಕೂ ಮೊದಲು ಆ ಉದ್ಯಾನದವರು ಒಂದು ತಮಾಷೆಯ ಕೆಲಸ ಮಾಡಿದ್ದರು: ನೀರು ತಣ್ಣಗಿದೆ, ದಾರಿ ಕಡಿದಾಗಿದೆ, ಜನ ಕಿಕ್ಕಿರಿದಿರುತ್ತಾರೆ ಎಂದು ತಮ್ಮ ಜಾಲತಾಣದಲ್ಲಿ ತಾವೇ ಬರೆದುಕೊಂಡಿದ್ದರು. ನಮ್ಮ ಯಾವ ಪ್ರವಾಸೋದ್ಯಮ ಇಲಾಖೆಗೆ ಆ ಧೈರ್ಯವಿದೆ?

ಪುಣೆಯವರಿಗೆ ಪರಿಚಿತವಾದ ಉದಾಹರಣೆ ಸಾತಾರಾದ ಕಾಸ್ ಪ್ರಸ್ಥಭೂಮಿ. ಹೂ ಅರಳುವ ವಾರಗಳಲ್ಲಿ ಅಲ್ಲಿಗೆ ಮೊದಲೇ ಆನ್‌ಲೈನಿನಲ್ಲಿ ಹೆಸರು ಬರೆಸಬೇಕು, ದಿನದ ಮಿತಿ ಇದೆ, ವಾಹನ ದೂರದಲ್ಲೇ ನಿಲ್ಲಬೇಕು. ಅರಣ್ಯ ಇಲಾಖೆಯ ಜೊತೆ ಸೇರಿ ಇದನ್ನೆಲ್ಲ ನಡೆಸುವುದು ಸುತ್ತಲಿನ ಹಳ್ಳಿಗಳ ಸಮಿತಿ.

ಹಂಚಿಕೆ ಎಂಬ ಹೆಸರಿನಲ್ಲಿ ನಡೆಯುವ ಅನಾಹುತವನ್ನೂ ಹೇಳಬೇಕು. 2024ರ ಬೇಸಿಗೆಯಲ್ಲಿ ಸಿಸಿಲಿಯ ಅಗ್ರಿಜೆಂತೊದಲ್ಲಿ ಬರ ಬಂದು, ಸಣ್ಣ ಹೋಟೆಲುಗಳವರು ಕೋಣೆಗೆ ಕೊಡಲು ನೀರಿಲ್ಲದೆ ಅತಿಥಿಗಳನ್ನು ವಾಪಸು ಕಳುಹಿಸಿದರು. ಗ್ರೀಸ್, ಇಟಲಿಗಳಲ್ಲಿ ಜಾಗ ಸಾಲದಾದಾಗ ಜನ ಅಲ್ಬೇನಿಯಾದತ್ತ ತಿರುಗಿದರು. 2023ರಲ್ಲಿ ಆ ಪುಟ್ಟ ದೇಶಕ್ಕೆ ಬಂದ ವಿದೇಶಿಯರು ಒಂದು ಕೋಟಿ ದಾಟಿದರು. ಅದೇ ವರ್ಷ ವ್ಯೋಸಾ ನದಿಯನ್ನು ಉದ್ದಕ್ಕೂ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ ಸರ್ಕಾರವೇ, ಅದು ಸಮುದ್ರ ಸೇರುವೆಡೆಗೆ ಸಮೀಪದ ಜೌಗಿನ ಪಕ್ಕದಲ್ಲಿ ವಿಮಾನ ನಿಲ್ದಾಣವನ್ನೂ ಕಟ್ಟಿಸುತ್ತಿದೆ. ಮೂಲದಲ್ಲಿ ಸಂಖ್ಯೆ ಇಳಿಸದೆ ನಕ್ಷೆಯ ಮೇಲೆ ಚುಕ್ಕಿಗಳನ್ನು ಹೆಚ್ಚಿಸಿದರೆ ಹೀಗಾಗುತ್ತದೆ. ಬಾರ್ಸಿಲೋನಾದ ಮೇಯರ್, ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ 10,101 ಮನೆಗಳ ಪರವಾನಗಿಯನ್ನು 2028ರ ನವೆಂಬರಿನ ನಂತರ ನವೀಕರಿಸುವುದಿಲ್ಲ ಎಂದು ಘೋಷಿಸಿರುವುದು ನನಗೆ ಈ ಕಾರಣಕ್ಕಾಗಿಯೇ ಮುಖ್ಯವಾಗಿ ಕಾಣುತ್ತದೆ.

ಉತ್ತರ: ಕುಶಾವತಿ ದಂಡೆ, ಗೋವಾ

ಪುಣೆಯ ಹಿರಿಯರು ಬಹಳ ವಿಷಯ ತಿಳಿಸಿದ್ದಾರೆ, ಕೃತಜ್ಞತೆಗಳು. ಅವರು ಹೇಳಿದ್ದೆಲ್ಲವೂ ಕಳುಹಿಸುವವರ, ಇಲ್ಲವೇ ಆಳುವವರ ಕಡೆಯಿಂದ ಕಾಣುವ ಚಿತ್ರ. ನಾನು ಜನ ಬಂದಿಳಿಯುವ ಕಡೆಯಲ್ಲಿರುವವಳು. ಧಾರವಾಡದ ಮಗಳು, ದಕ್ಷಿಣ ಗೋವಾದ ಒಳನಾಡಿನ ಸೊಸೆ; ಮನೆಯಲ್ಲಿ ಕೆಲವು ಕೋಣೆಗಳ ಹೋಂಸ್ಟೇ ನಡೆಸುತ್ತೇವೆ.

ಗೋವಾದ ಜನಸಂಖ್ಯೆ ಹದಿನೈದು ಲಕ್ಷದ ಆಸುಪಾಸು, ವರ್ಷಕ್ಕೆ ಬರುವ ಪ್ರವಾಸಿಗರು ಒಂದು ಕೋಟಿಯ ಆಸುಪಾಸು. ಬಾಗಾ, ಕಲಂಗೂಟ್ ತುಂಬಿವೆ, ಒಳನಾಡಿಗೆ ಹೋಗಿ ಎಂಬ ಮಾತು ಇಲ್ಲಿ ನಿತ್ಯ ಕೇಳುತ್ತದೆ. ಹಾಗೆ ಒಳನಾಡಿಗೆ ಬಂದವರು ಏನು ಮಾಡುತ್ತಾರೆಂಬುದನ್ನು ಹೇಳುತ್ತೇನೆ. ರಿವಣದ ಆಚೆ ಉಸಗಾಳಿಮಳ ಎಂಬಲ್ಲಿ ಕುಶಾವತಿ ನದಿಯ ದಂಡೆಯ ಮುರಕಲ್ಲಿನ ಹಾಸಿನ ಮೇಲೆ ಬಹು ಪ್ರಾಚೀನ ಕೆತ್ತನೆಗಳಿವೆ: ಗೂಳಿಗಳು, ಜಿಂಕೆಗಳು, ಸುತ್ತಿ ಸುತ್ತಿ ಒಳಹೋಗುವ ಒಂದು ಚಕ್ರಬಿಂಬ. ಕರಾವಳಿಯ ಹೋಟೆಲಿನಿಂದ ಬೆಳಿಗ್ಗೆ ಹೊರಟ ವ್ಯಾನು ಅಲ್ಲಿ ಬಂದು ನಿಲ್ಲುತ್ತದೆ. ಇಳಿದವರು ಚಪ್ಪಲಿ ಹಾಕಿಕೊಂಡೇ ಗೂಳಿಯ ಮೇಲೆ ನಿಂತು ಗೂಳಿ ಎಲ್ಲಿದೆಯೆಂದು ಕೇಳುತ್ತಾರೆ, ಫೋಟೊ ತೆಗೆಯುತ್ತಾರೆ, ಇಪ್ಪತ್ತು ನಿಮಿಷದಲ್ಲಿ ಹತ್ತಿ ಹೊರಡುತ್ತಾರೆ. ಊಟದ ಪೊಟ್ಟಣವೂ ಅವರ ಹೋಟೆಲಿನದೇ. ನಮಗೆ ಉಳಿಯುವುದು ಆ ಪೊಟ್ಟಣದ ಥರ್ಮೋಕೋಲು. ಸರ್ಕಾರಿ ಲೆಕ್ಕದಲ್ಲಿ ಇದು ಒಳನಾಡಿನ ಪ್ರವಾಸೋದ್ಯಮ.

ಬಾರ್ದೇಸಿನ ಪರ್ರಾ ಗ್ರಾಮದ ತೆಂಗಿನ ಸಾಲಿನ ರಸ್ತೆ ತೆರೆಯ ಮೇಲೆ ಕಂಡು ಹೆಸರಾದ ಮೇಲೆ ಅಲ್ಲಿ ನಡುರಸ್ತೆಯಲ್ಲೇ ಫೋಟೊ ತೆಗೆಯುವವರ ಕಾಟ ಹೆಚ್ಚಿ, ಪಂಚಾಯಿತಿ 2020ರಲ್ಲಿ ಫೋಟೊಕ್ಕೆ ಸುಂಕ ಹಾಕಿತು. ಎಲ್ಲೆಡೆಯಿಂದ ಟೀಕೆ ಬಂದು ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ವೆನಿಸ್ ಸುಂಕ ಹಾಕಿದರೆ ಆಡಳಿತ, ಪರ್ರಾ ಹಾಕಿದರೆ ದುರಾಸೆ! ದಿವಾಡ್ ದ್ವೀಪದಲ್ಲಿ ಇನ್ನೂ ಶಾಂತಿ ಇದೆ ಎಂದರೆ ಅದಕ್ಕೆ ಕಾರಣ ಅಲ್ಲಿಗೆ ಸೇತುವೆಯಿಲ್ಲದೆ ಫೆರಿಯೊಂದೇ ದಾರಿಯಾಗಿರುವುದು. ಆಗಸ್ಟಿನ ಬೊಂದೆರಾಮ್ ಹಬ್ಬದ ಶನಿವಾರ ಹಳೆ ಗೋವಾದ ದಕ್ಕೆಯಲ್ಲಿ ನೋಡಬೇಕು; ಹೊರಗಿನ ಕಾರುಗಳ ಸಾಲಿನಲ್ಲಿ ದ್ವೀಪದವರೇ ಸಿಕ್ಕಿಕೊಂಡು, ಮನೆಗೆ ಹೋಗಲು ತಮ್ಮ ಸರದಿಗಾಗಿ ಕಾಯುತ್ತಾರೆ.

ಆದ್ದರಿಂದ ಪಯಣಿಗರೇ, ಇಟಲಿಯ ಹಳ್ಳಿಗೆ ಬರೆಯುವಾಗ ಅಲ್ಲಿ ನೋಡುವಂಥದ್ದೇನಿದೆ ಎಂದು ಕೇಳುವ ಮೊದಲು, ನಮ್ಮವರು ಎಷ್ಟು ಜನ ಬಂದರೆ ನಿಮಗೆ ಅನುಕೂಲ, ಯಾವ ವಾರ ಬರಬಾರದು, ಬಸ್ಸು ಎಲ್ಲಿ ನಿಲ್ಲಬೇಕು, ಬೇಸಿಗೆಯಲ್ಲಿ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿ. ಇದಕ್ಕೆ ನೇರವಾಗಿ ಉತ್ತರ ಕೊಡುವವರು ಊರಿನವರಾಗಿರುತ್ತಾರೆ. "ಎಷ್ಟು ಜನ ಬೇಕಾದರೂ ಬನ್ನಿ" ಎನ್ನುವವನು ಸಾಮಾನ್ಯವಾಗಿ ಹೊರಗಿನ ದಲ್ಲಾಳಿ. ಮತ್ತು ರಾತ್ರಿ ತಂಗದ ಊರಿಗೆ ದಯವಿಟ್ಟು ಬಸ್ಸು ಕಳುಹಿಸಬೇಡಿ. ಒಂದು ರಾತ್ರಿ ಉಳಿದ ಆರು ಜನರಿಂದ ನಮ್ಮ ಓಣಿಯ ಪಾವ್ ಮಾರುವವನಿಗೂ ಮೀನಿನವಳಿಗೂ ಬಟ್ಟೆ ಒಗೆಯುವವರಿಗೂ ಸಿಗುವಷ್ಟು ಹಣ, ಇಪ್ಪತ್ತು ನಿಮಿಷ ನಿಂತ ಮೂರು ವ್ಯಾನುಗಳಿಂದ ಸಿಗುವುದಿಲ್ಲ.

ಹಿರಿಯರಿಗೆ ಒಂದು ಮಾತು. ಮಿತಿ ಬೇಕು ಎಂಬುದನ್ನು ಒಪ್ಪುತ್ತೇನೆ, ಆದರೆ ಸಂಖ್ಯೆಯನ್ನು ಹೇಳುವವರು ಯಾರು? ಕಾಸ್‌ನ ಉದಾಹರಣೆಯಲ್ಲಿ ತಾವು ಒಂದೇ ವಾಕ್ಯದಲ್ಲಿ ದಾಟಿದ ಹಳ್ಳಿಗಳ ಸಮಿತಿಯೇ ನನಗೆ ಅಲ್ಲಿಯ ತಿರುಳಾಗಿ ಕಾಣುತ್ತದೆ.

ಪ್ರತಿಕ್ರಿಯೆ: ಮಾಟುಂಗಾ ಪಯಣಿಗ, ಮುಂಬೈ

ಎಲ್ಲರಿಗೂ ಧನ್ಯವಾದಗಳು. ಮೇಡಂ ಅವರ ಪ್ರಶ್ನೆಗಳನ್ನು ಹಾಗೆಯೇ ಬರೆದಿಟ್ಟುಕೊಂಡಿದ್ದೇನೆ. ಆದರೆ ವ್ಯವಹಾರದ ಕಷ್ಟವನ್ನೂ ಹೇಳಬೇಕಲ್ಲ. ನಲವತ್ತು ಜನರಿಗೆ ಹಂಚಿಹೋಗುವ ಬಸ್ಸಿನ ಖರ್ಚನ್ನು ಇಪ್ಪತ್ತು ಜನರ ಮೇಲೆ ಹಾಕಿದರೆ ತಲೆಗೆ ಬೀಳುವ ದರ ನೋಡಿ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಎರಡನೆಯದಾಗಿ, ಜೀವಮಾನದಲ್ಲಿ ಒಮ್ಮೆ ಯುರೋಪಿಗೆ ಹೋಗುವ ಹಿರಿಯರಿಗೆ ವೆನಿಸ್ ತೋರಿಸದೆ ಕರೆತಂದರೆ ಅವರ ಮಕ್ಕಳು ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಮೂರನೆಯದು ಊಟ. ಗುಂಪಿನಲ್ಲಿ ಅರ್ಧ ಜನ ಸಸ್ಯಾಹಾರಿಗಳು, ಅವರಲ್ಲಿ ಕೆಲವರು ಜೈನರು; ನೂರು ಜನರ ಬೆಟ್ಟದ ಊರಿನಲ್ಲಿ ಅವರಿಗೆ ಏನು ಬಡಿಸಲಿ?

ಉತ್ತರ: ಡೊಂಬಿವಲಿ ಲೋಕಲ್, ಮುಂಬೈ

ಟೂರ್ ಮ್ಯಾನೇಜರ್ ಆಗಿ ಯುರೋಪಿನ ಬಸ್ಸುಗಳಲ್ಲಿ ಓಡಾಡುವವನಾದ್ದರಿಂದ ಪ್ರಾಯೋಗಿಕ ವಿಷಯಗಳಿಗೆ ನಾನು ಉತ್ತರಿಸುತ್ತೇನೆ.

ದರವನ್ನು ಏರಿಸುವುದು ತಲೆಗಳ ಸಂಖ್ಯೆಗಿಂತ ಹೆಚ್ಚಾಗಿ ಕಿಲೋಮೀಟರು. ಯುರೋಪಿಯನ್ ಒಕ್ಕೂಟದ ನಿಯಮದಂತೆ ಬಸ್ಸಿನ ಚಾಲಕ ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ (ವಾರದಲ್ಲಿ ಎರಡು ದಿನ ಮಾತ್ರ ಹತ್ತು), ನಾಲ್ಕೂವರೆ ಗಂಟೆಗೊಮ್ಮೆ ಮುಕ್ಕಾಲು ಗಂಟೆ ನಿಲ್ಲಿಸಬೇಕು, ರಾತ್ರಿ ಹನ್ನೊಂದು ಗಂಟೆಯ ವಿಶ್ರಾಂತಿ ಸಿಗಬೇಕು. ರೋಮ್, ಫ್ಲಾರೆನ್ಸ್, ವೆನಿಸ್, ಬಾರ್ಸಿಲೋನಾ ಎಲ್ಲವನ್ನೂ ಒಂದೇ ಪ್ರವಾಸಕ್ಕೆ ಕಟ್ಟಿದಾಗ ಗಿರಾಕಿ ಕೊಡುವ ಹಣದ ದೊಡ್ಡ ಪಾಲು ಹೆದ್ದಾರಿಯ ಮೇಲೆ ಖರ್ಚಾಗುತ್ತದೆ. ದೂರ ಕಡಿಮೆ ಮಾಡಿದರೆ ಇಪ್ಪತ್ತು ಜನರ ಚಿಕ್ಕ ಬಸ್ಸೂ ಗಿಟ್ಟುತ್ತದೆ, 25ರ ಮಿತಿಯಿರುವೆಡೆ ಎರಡನೆಯ ಗೈಡಿನ ಖರ್ಚೂ ಉಳಿಯುತ್ತದೆ.

ತಮ್ಮ ಗಿರಾಕಿಗಳಿಗೆ ವೆನಿಸ್ ಬೇಕೇ ಬೇಕಾದ್ದರಿಂದ ಅಲ್ಲಿಂದಲೇ ಶುರುಮಾಡಿ ಪೂರ್ವಕ್ಕೆ ತಿರುಗಿ. ವೆನಿಸ್‌ನಿಂದ ಉದೀನೆ ಸುಮಾರು 130 ಕಿಲೋಮೀಟರು. ಹಿರಿಯರು ಹೇಳಿದ ಫ್ರಿಯುಲಿ ಪ್ರಾಂತ ಅದೇ. ಅಲ್ಲಿ ಅಕ್ವಿಲೇಯಾ ಇದೆ: ಹಳೆಯ ರೋಮನ್ ಪಟ್ಟಣ, ಅಲ್ಲಿಯ ಬಸಿಲಿಕಾದ, ಅಂದರೆ ದೊಡ್ಡ ಚರ್ಚಿನ, ನೆಲದಲ್ಲಿ ನಾಲ್ಕನೆಯ ಶತಮಾನದ ಮೊಸಾಯಿಕ್ (ಬಣ್ಣದ ಕಲ್ಲುಚೂರುಗಳ ಚಿತ್ತಾರ) ಹರಡಿಕೊಂಡಿದೆ. 1998ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದರೂ ನಮ್ಮ ಗುಂಪುಗಳು ಆ ಕಡೆ ತಲೆಹಾಕುವುದು ಅಪರೂಪ. ಮುಂದೆ ತ್ರಿಯೆಸ್ತೆ ದಾಟಿದರೆ ಕ್ರೊವೇಷಿಯಾದ ಇಸ್ತ್ರಿಯಾ. ಪೊರೆಚ್‌ನ ಆರನೆಯ ಶತಮಾನದ ಬಸಿಲಿಕಾ, ಪೂಲಾದ ರೋಮನ್ ಬಯಲು ರಂಗಮಂದಿರ, ಒಳನಾಡಿನಲ್ಲಿ ಮೋಟೋವುನ್, ಗ್ರೋಜ್ನ್ಯಾನ್ ಎಂಬ ಗುಡ್ಡದ ಊರುಗಳು. ತ್ರಿಯೆಸ್ತೆಯಿಂದ ಪೊರೆಚ್‌ಗೆ 1902ರಿಂದ 1935ರವರೆಗೆ ಓಡಿದ ಪರೆಂಜಾನಾ ಎಂಬ ಸಣ್ಣ ರೈಲಿನ ಹಳಿ ಕಿತ್ತ ದಾರಿ ಈಗ ಸೈಕಲ್ ಹಾದಿಯಾಗಿದೆ. ಮೊಮ್ಮಕ್ಕಳಿದ್ದರೆ ಅದರಲ್ಲಿ ಒಂದು ತುಂಡು ಮಾಡಿಸಬಹುದು. ಒಂದು ಎಚ್ಚರಿಕೆ ಹೇಳಬೇಕು. ಇಸ್ತ್ರಿಯಾದ ಕರಾವಳಿಯೂ ಜುಲೈ, ಆಗಸ್ಟಿನಲ್ಲಿ ಕಿಕ್ಕಿರಿಯುತ್ತದೆ. ನಮ್ಮ ಶಾಲೆಗಳ ರಜೆ ಏಪ್ರಿಲ್, ಮೇನಲ್ಲಿ ಬೀಳುವುದು ಇಲ್ಲಿ ನಮಗೊಂದು ವರ. ಅಲ್ಲಿಯವರಿಗೆ ಗಿರಾಕಿ ಬೇಕಾಗಿರುವ, ಆದರೆ ಜನ ತುಂಬಿರದ ತಿಂಗಳು ಅದು.

ಊಟದ ಚಿಂತೆ ಅಷ್ಟು ಬೇಡ, ಎಚ್ಚರ ಬೇಕು. ಫ್ರಿಯುಲಿಯಲ್ಲಿ ಮೆಕ್ಕೆಜೋಳದ ಹಿಟ್ಟು ತೊಳಸಿ ಮಾಡುವ ಪೊಲೆಂಟಾ ಇದೆ, ನಮ್ಮ ಮುದ್ದೆಗೆ ದಾಯಾದಿಯಂತಿರುತ್ತದೆ. ಹಿರಿಯರು ಇಷ್ಟಪಟ್ಟು ತಿನ್ನುತ್ತಾರೆ. ಇಸ್ತ್ರಿಯಾದ ಮನೆಗಳಲ್ಲಿ ಕೈಯಲ್ಲೇ ಸುತ್ತುವ ಫೂಝಿ ಎಂಬ ಪಾಸ್ತಾ ಸಿಗುತ್ತದೆ. ಆದರೆ ಅಲ್ಲಿಯ ಮನೆಸ್ತ್ರಾ ಎಂಬ ಕಾಳಿನ ಸಾರಿಗೆ ಹಂದಿಯ ಮೂಳೆ ಹಾಕಿ ಕುದಿಸುವ ರೂಢಿಯಿದೆ. ನೋಡಲು ಸಸ್ಯಾಹಾರದಂತೆಯೇ ಇರುವುದರಿಂದ ಮೊದಲೇ ಬರೆದು ತಿಳಿಸಿ. ಜೈನರಿಗೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಬೇಡವೆಂಬುದನ್ನು ಇಟಾಲಿಯನ್, ಕ್ರೊವೇಷಿಯನ್ ಭಾಷೆಗಳಲ್ಲಿ ಅಚ್ಚು ಹಾಕಿಸಿದ ಚೀಟಿ ನನ್ನ ಬಳಿ ಇದೆ, ಕಳುಹಿಸಿಕೊಡುತ್ತೇನೆ.

ವೀಸಾ: ಕ್ರೊವೇಷಿಯಾ 2023ರ ಜನವರಿ 1ರಿಂದ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಒಳಗಿದೆ, ಆದ್ದರಿಂದ ಒಂದೇ ವೀಸಾ ಸಾಕು. ಅತಿ ಹೆಚ್ಚು ದಿನ ತಂಗುವ ದೇಶಕ್ಕೆ ಅರ್ಜಿ ಹಾಕಬೇಕು. ಎರಡೂ ಕಡೆ ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಅರ್ಜಿಯನ್ನು ಆರು ತಿಂಗಳು ಮೊದಲೇ ಸಲ್ಲಿಸಬಹುದು, ಕೊನೆಗಳಿಗೆಗೆ ಇಡಬೇಡಿ. ಅಲ್ಬೇನಿಯಾ ಷೆಂಗೆನ್ ಹೊರಗಿದೆ. ಅದನ್ನು ನಡುವೆ ತುರುಕಿದರೆ ಒಮ್ಮೆ ಮಾತ್ರ ಪ್ರವೇಶವಿರುವ ವೀಸಾದವರು ಹಿಂದಿರುಗುವಾಗ ಗಡಿಯಲ್ಲಿ ಸಿಕ್ಕಿಬೀಳುತ್ತಾರೆ.

ಪ್ರತಿಕ್ರಿಯೆ: ಮಾಟುಂಗಾ ಪಯಣಿಗ, ಮುಂಬೈ

ಇದರ ಮೇಲೆ ಒಂದು ಕರಡು ಹಾಕಿದ್ದೇನೆ, ನೋಡಿ ತಿದ್ದಿ. ಒಟ್ಟು ಒಂಬತ್ತು ರಾತ್ರಿ, ಇಪ್ಪತ್ತೆರಡು ಜನ. ಮೆಸ್ತ್ರೆಯಲ್ಲಿ ಎರಡು ರಾತ್ರಿ ತಂಗಿ, ವೆನಿಸ್ ಒಳಗೆ ಸಂಜೆ ಹೋಗಿ, ಮರುದಿನ ಹಡಗಿನ ಜನ ಏಳುವ ಮೊದಲೇ ಇನ್ನೊಮ್ಮೆ ಹೋಗಿ ಬರುವುದು. ಫ್ರಿಯುಲಿಯಲ್ಲಿ ಮೂರು ರಾತ್ರಿ. ಗುಂಪನ್ನು ಎರಡಾಗಿ ಒಡೆದು ಪಕ್ಕಪಕ್ಕದ ಎರಡು ಊರುಗಳ ಅಲ್ಬೆರ್ಗೊಗಳಲ್ಲಿ ಇರಿಸುವುದು. ಇಸ್ತ್ರಿಯಾದ ಒಳನಾಡಿನಲ್ಲಿ ಮೂರು ರಾತ್ರಿ, ಅಲ್ಲಿಂದಲೇ ಪೊರೆಚ್, ಪೂಲಾಗಳಿಗೆ ಹೋಗಿ ಬರುವುದು. ಕೊನೆಯ ರಾತ್ರಿ ತ್ರಿಯೆಸ್ತೆ, ಅಲ್ಲಿಂದ ವೆನಿಸ್ ವಿಮಾನ ನಿಲ್ದಾಣ. ಇಟಲಿಯಲ್ಲಿ ಆರು, ಕ್ರೊವೇಷಿಯಾದಲ್ಲಿ ಮೂರು ಆಗುವುದರಿಂದ ಅರ್ಜಿ ಇಟಲಿಗೆ. ಫ್ಲಾರೆನ್ಸ್, ರೋಮ್ ಕೈಬಿಟ್ಟಿದ್ದೇನೆ. ಬೇಕೆಂದವರಿಗೆ ರೋಮಿನ ಎರಡು ದಿನವನ್ನು ಬೇರೆಯಾಗಿ ಮಾರುತ್ತೇನೆ.

ಉತ್ತರ: ಕುಶಾವತಿ ದಂಡೆ, ಗೋವಾ

ಗುಂಪನ್ನು ಎರಡಾಗಿ ಒಡೆದಿರುವುದು ಒಳ್ಳೆಯದು. ಆ ಎರಡೂ ಊರುಗಳಲ್ಲಿ ರಾತ್ರಿ ಊಟವನ್ನು ಊರಿನವರಿಂದಲೇ ಮಾಡಿಸಿ, ಭಾರತೀಯ ಹೋಟೆಲಿಗೆ ಬಸ್ಸು ಓಡಿಸಬೇಡಿ. ಕೋಣೆಗಳು ಓಣಿ ಓಣಿಗೆ ಚದುರಿರುವುದರಿಂದ ಮಂಡಿನೋವಿನವರಿಗೆ ಯಾವ ಮನೆ ಎಂಬುದನ್ನು ಹೊರಡುವ ಮುನ್ನವೇ ಗೊತ್ತುಮಾಡಿಕೊಳ್ಳಿ. ಕಲ್ಲು ಹಾಸಿದ ಏರುದಾರಿಯಲ್ಲಿ ಚಕ್ರದ ಪೆಟ್ಟಿಗೆ ಎಳೆದುಕೊಂಡು ರಾತ್ರಿ ಹತ್ತು ಗಂಟೆಗೆ ಸದ್ದು ಮಾಡುತ್ತ ಹೋಗುವ ಅತಿಥಿಗಳನ್ನು ಯಾವ ಊರೂ ಪ್ರೀತಿಸುವುದಿಲ್ಲ.

ಉತ್ತರ: ಡೊಂಬಿವಲಿ ಲೋಕಲ್, ಮುಂಬೈ

ದಿನಾಂಕಗಳ ಬಗ್ಗೆ ಮಾತ್ರ ಒಂದು ತಿದ್ದುಪಡಿ. ಏಪ್ರಿಲ್ 25 ಇಟಲಿಯ ವಿಮೋಚನಾ ದಿನ, ವೆನಿಸ್‌ಗೆ ಅದು ಸಂತ ಮಾರ್ಕನ ಹಬ್ಬವೂ ಹೌದು. ಮೇ 1 ಕಾರ್ಮಿಕ ದಿನ, ಜೂನ್ 2 ಗಣರಾಜ್ಯ ದಿನ. ಈ ರಜೆಗಳ ಹಿಂದೆ ಮುಂದೆ ಇಟಲಿಯವರೇ ಊರು ಬಿಟ್ಟು ಹೊರಡುತ್ತಾರೆ. ಮೇ ಎರಡನೆಯ ವಾರದಲ್ಲಿ ಹೊರಡಿ. 2025ರಲ್ಲಿ ಮೇ ಮೊದಲ ವಾರ ಕಳೆದ ಮೇಲೆ ವೆನಿಸ್‌ನ ಆ ತಿಂಗಳ ಶುಲ್ಕದ ದಿನಗಳೆಲ್ಲ ಶುಕ್ರವಾರದಿಂದ ಭಾನುವಾರದವರೆಗೆ ಬಿದ್ದಿದ್ದವು, ಆದ್ದರಿಂದ ಆ ಎರಡು ರಾತ್ರಿಗಳನ್ನು ಸೋಮವಾರ, ಮಂಗಳವಾರಕ್ಕೆ ಹಾಕಿಕೊಳ್ಳಿ. ಇಟಲಿಯ ಹಲವು ಸರ್ಕಾರಿ ವಸ್ತುಸಂಗ್ರಹಾಲಯಗಳಿಗೆ ಸೋಮವಾರ ರಜೆ, ಅಕ್ವಿಲೇಯಾವನ್ನು ಗುರುವಾರಕ್ಕಿಡಿ.